ಅಡ್ಯೂ, ಸ್ಲೇಟ್, ಕ್ರೇನ್: ವರ್ಡಲ್‌ನಲ್ಲಿ ಮೊದಲು ಯಾವುದನ್ನು ಇಡೋದು?

ನಮ್ಮಕ್ಕ ಬೆಳಗಿನ ಕಾಫಿಗೆ ಮುಂಚೆಯೇ ವರ್ಡಲ್ ಆಡಿ ಮುಗಿಸುತ್ತಾಳೆ. ಆಮೇಲೆ ಮನೆಯ ವಾಟ್ಸಾಪ್ ಗ್ರೂಪಿಗೆ ಹಸಿರು-ಹಳದಿ ಚೌಕ ಹಾಕಿ, "ನಿಂದು ಎಷ್ಟರಲ್ಲಾಯ್ತೋ?" ಅಂತ ಕೆಣಕುತ್ತಾಳೆ. ಅವಳ ಮೊದಲ ಪದ ಯಾವಾಗಲೂ ಅಡ್ಯೂ. ನಾನೋ, ಬಾಯಿಗೆ ಬಂದದ್ದನ್ನು ಹಾಕುವವನು. ಸೋತು ಸೋತು ಬೇಜಾರಾಗಿ, ಒಂದೊಂದು ಪದವನ್ನು ಹದಿನೈದು ದಿನ ಬಿಡದೆ ಇಟ್ಟು ನೋಡೋಣ ಅಂದುಕೊಂಡೆ. ಗೀಚಿಕೊಳ್ಳಲು ಹಳೇ ಹಾಲಿನ ಲೆಕ್ಕದ ಪುಸ್ತಕ ಸಿಕ್ಕಿತು.

ಆಟ ಗೊತ್ತಿಲ್ಲದವರಿಗೆ: ಐದು ಅಕ್ಷರದ ಒಂದು ಇಂಗ್ಲಿಷ್ ಪದ, ಕಂಡುಹಿಡಿಯಲು ಆರು ಅವಕಾಶ. ಅಕ್ಷರವೂ ಜಾಗವೂ ಸರಿಯಿದ್ದರೆ ಹಸಿರು, ಅಕ್ಷರ ಇದ್ದು ಜಾಗ ತಪ್ಪಿದ್ದರೆ ಹಳದಿ, ಇಲ್ಲದಿದ್ದರೆ ಬೂದು. ಜಾಶ್ ವಾರ್ಡಲ್ ಎಂಬ ಎಂಜಿನಿಯರ್ ತಮ್ಮ ಸಂಗಾತಿ ಪಲಕ್ ಶಾ ಅವರಿಗಾಗಿ ಮಾಡಿದ ಆಟ ಇದು. 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಬಿಟ್ಟರು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಸುಮಾರು 12,000 ಪದಗಳನ್ನು ಸೋಸಿ, ಜನಕ್ಕೆ ಗೊತ್ತಿರುವ 2,500ರಷ್ಟನ್ನು ಉಳಿಸಿದ್ದು ಪಲಕ್ ಅವರೇ. ಹಾಗಾಗಿ ಯಾರೂ ಕೇಳದ ವಿಚಿತ್ರ ಪದ ಉತ್ತರವಾಗಿ ಬರುವ ಭಯ ಕಡಿಮೆ.

ಮೊದಲು ಅಕ್ಕನ ಅಡ್ಯೂ. ಎ, ಡಿ, ಐ, ಇ, ಯು. ಐದರಲ್ಲಿ ನಾಲ್ಕು ಸ್ವರ. ಹಾಕಿದ ಕೂಡಲೇ ಸಾಮಾನ್ಯವಾಗಿ ಒಂದೋ ಎರಡೋ ಬಣ್ಣ ಬರುತ್ತದೆ, ಮನಸ್ಸಿಗೆ ಖುಷಿ. ಮೊದಲ ವಾರ ಇದನ್ನೇ ಹೊಗಳಿದ್ದೆ. ಆದರೆ ಒಂದು ಬೆಳಿಗ್ಗೆ ಎ ಹಳದಿ, ಇ ಹಸಿರು, ಮಿಕ್ಕದ್ದು ಬೂದು. ಈಗ ಉತ್ತರ ವಾಟರ್ ಇರಬಹುದು. ಪೇಪರ್ ಇರಬಹುದು. ಟೇಕನ್, ಕ್ಯಾಮೆಲ್, ಪ್ಯಾನೆಲ್ ಕೂಡ ಆಗುತ್ತದೆ. ಈ ಐದಕ್ಕೂ ಅಡ್ಯೂ ಕೊಡುವ ಬಣ್ಣ ಒಂದೇ! ಎರಡು ಸ್ವರ ಕೈಯಲ್ಲಿದ್ದರೂ ಅವುಗಳ ಅಕ್ಕಪಕ್ಕ ಯಾರಿದ್ದಾರೆ ಅನ್ನುವ ಸುಳಿವೇ ಇಲ್ಲ.

ಅದೇ ಐದಕ್ಕೆ ಸ್ಲೇಟ್ ಇಟ್ಟು ನೋಡಿ. ಎಸ್, ಎಲ್, ಎ, ಟಿ, ಇ. ಎ ಮತ್ತು ಇ ಹೇಗೂ ಹಳದಿ. ಟಿ ಕೂಡ ಹಳದಿಯಾದರೆ ವಾಟರ್ ಇಲ್ಲವೇ ಟೇಕನ್. ಎಲ್ ಹಳದಿಯಾದರೆ ಕ್ಯಾಮೆಲ್ ಇಲ್ಲವೇ ಪ್ಯಾನೆಲ್. ಎರಡೂ ಬೂದಾದರೆ ಪೇಪರ್. ಒಂದೇ ಗುಂಪಾಗಿದ್ದದ್ದು ಮೂರಾಯಿತು. ಕ್ರೇನ್ ಇಟ್ಟರೂ ಮೂರು ಗುಂಪೇ, ಬೇರೆ ರೀತಿಯಲ್ಲಿ: ವಾಟರ್ ಮತ್ತು ಪೇಪರ್ ಒಂದು ಕಡೆ, ಟೇಕನ್ ಮತ್ತು ಪ್ಯಾನೆಲ್ ಇನ್ನೊಂದು ಕಡೆ, ಕ್ಯಾಮೆಲ್ ಒಂದೇ ಬೇರೆ.

ಇನ್ನೊಂದು ಗಮನಿಸಿದಿರಾ? ಎ ಅನ್ನುವ ಒಂದೇ ಅಕ್ಷರ ವಾಟರ್‌ನಲ್ಲಿ 'ವಾ', ಪೇಪರ್‌ನಲ್ಲಿ 'ಪೇ', ಕ್ಯಾಮೆಲ್‌ನಲ್ಲಿ 'ಕ್ಯಾ'. ಬರೆದ ಹಾಗೆ ಓದುವ ನಮಗೆ ಇದೇ ದೊಡ್ಡ ತೊಡಕು. ನಾನು ಪದಗಳನ್ನು ಕಿವಿಯಿಂದ ಹುಡುಕುತ್ತಿದ್ದೆ. 'ಪೇ'ಯಿಂದ ಶುರುವಾಗೋದು ಏನಿದೆ ಅಂತ ಯೋಚಿಸುತ್ತಾ ಕೂತರೆ ಪ್ಯಾನೆಲ್ ಹೊಳೆಯೋದೇ ಇಲ್ಲ. ಈಗ ಖಾಲಿ ಜಾಗಕ್ಕೆ ಅಕ್ಷರಗಳನ್ನು ಒಂದೊಂದಾಗಿ ಕೂರಿಸಿ, ಕಣ್ಣಿನಿಂದ ಹುಡುಕುತ್ತೇನೆ.

ಸ್ಲೇಟ್‌ಗೂ ಕ್ರೇನ್‌ಗೂ ನಡುವೆ ಆರಿಸೋದು ಕಷ್ಟ. ನಾವು ಹೇಗೆ ಆಡಿದೆವು ಅಂತ ಅಳೆದು ಹೇಳುವ ಟೈಮ್ಸ್‌ನ ಪ್ರೋಗ್ರಾಂ ವರ್ಡಲ್‌ಬಾಟ್ ಕೂಡ ಮೊದಲು ಕ್ರೇನ್ ಅಂದು, ಆಮೇಲೆ ಸ್ಲೇಟ್ ಕಡೆ ವಾಲಿತ್ತು. ನನ್ನ ಓಟು ಸ್ಲೇಟ್‌ಗೆ. ಟೈಮ್ಸ್ ಕೊಳ್ಳುವ ಮುಂಚಿನ ಮೂಲ ಪಟ್ಟಿಯಲ್ಲಿದ್ದ 2,315 ಉತ್ತರಗಳಲ್ಲಿ ಎಸ್‌ನಿಂದ ಶುರುವಾಗುವವು 366, ಇ-ಯಲ್ಲಿ ಮುಗಿಯುವವು 424. ಆ ಎರಡು ಜಾಗಕ್ಕೆ ಅವಕ್ಕಿಂತ ಜಾಸ್ತಿ ಬರುವ ಅಕ್ಷರ ಬೇರೆ ಇಲ್ಲ. ಸ್ಲೇಟ್ ಎರಡನ್ನೂ ಸರಿಯಾದ ಜಾಗದಲ್ಲೇ ಕೂರಿಸುತ್ತದೆ. ಅಡ್ಯೂನಲ್ಲಿರುವ ಡಿ ಆ ಪಟ್ಟಿಯಲ್ಲಿ ಹದಿಮೂರನೇ ಸ್ಥಾನದ ಅಕ್ಷರ.

ಸ್ಯಾಲೆಟ್ ಅಂತ ಇನ್ನೊಂದಿದೆ. ಹಿಂದಿನ ಕಾಲದ ಯುರೋಪಿನ ಸೈನಿಕರ ಶಿರಸ್ತ್ರಾಣ. ಕಂಪ್ಯೂಟರು ಒಂದೂ ತಪ್ಪಿಲ್ಲದೆ ಆಡಿದರೆ ಇದರಿಂದ ಸರಾಸರಿ 3.42 ಯತ್ನಕ್ಕೆ ಮುಗಿಯುತ್ತದಂತೆ. ಆದರೆ ಮೂಲ ಪಟ್ಟಿಯಲ್ಲಿ ಇದು ಉತ್ತರವೇ ಅಲ್ಲ. ಮೊದಲ ಏಟಿಗೇ ಗೆಲ್ಲುವ ಆಸೆ ಒಂಚೂರೂ ಇಲ್ಲದೆ ಆಡೋದು ನನ್ನಿಂದಾಗಲಿಲ್ಲ. ನಾಲ್ಕೇ ದಿನಕ್ಕೆ ಬಿಟ್ಟೆ.

ಹಾಗಂತ ಸ್ಲೇಟ್ ಇಟ್ಟವನು ಸೋಲೋದಿಲ್ಲವೇ? ಸೋತೆ, ಅದೂ ಕೆಟ್ಟದಾಗಿ. ಆವತ್ತು ಟಿ ಹಳದಿ. ಮೂರನೆಯದಕ್ಕೆ ನೈಟ್ ಹಾಕಿದೆ, ಕತ್ತಲೆಯ ನೈಟ್. ಎನ್ ಒಂದು ಬಿಟ್ಟು ನಾಲ್ಕೂ ಹಸಿರು. ಗೆದ್ದೇಬಿಟ್ಟೆ ಅಂತ ಕಾಫಿ ಹೀರುತ್ತಾ ಫೈಟ್ ಹಾಕಿದೆ. ಆಮೇಲೆ ರೈಟ್. ಆಮೇಲೆ ಟೈಟ್. ಆರೂ ಮುಗಿದವು. ಉತ್ತರ ಮೈಟ್. ನೈಟ್ ಆದ ಮೇಲೆ ಫೋರಂ ಹಾಕಿದ್ದರೆ ಎಫ್, ಆರ್, ಎಂ ಮೂರೂ ಒಂದೇ ಏಟಿಗೆ ಗೊತ್ತಾಗುತ್ತಿತ್ತು. ಐದರಲ್ಲಿ ಮುಗಿಯುತ್ತಿತ್ತು. ಉತ್ತರವಾಗಲು ಸಾಧ್ಯವೇ ಇಲ್ಲದ ಪದವನ್ನು ಬೇಕಂತಲೇ ಹಾಕೋದಕ್ಕೆ ಕೈ ಬರಬೇಕಷ್ಟೆ.

ಇದನ್ನು ಅಕ್ಕನಿಗೆ ಫೋನಿನಲ್ಲಿ ವಿವರಿಸಿದೆ. ಅವಳು ಆಡೋದು ಹಾರ್ಡ್ ಮೋಡ್. ಅಲ್ಲಿ ಸಿಕ್ಕ ಸುಳಿವನ್ನು ಮುಂದಿನ ಪದದಲ್ಲಿ ಬಳಸಲೇಬೇಕು, ಫೋರಂ ಆಟ ನಡೆಯೋದಿಲ್ಲ. "ನಿನ್ನ ಕಳ್ಳದಾರಿ ನನಗೆ ಬೇಡಪ್ಪ" ಅಂದಳು. ಅಡ್ಯೂವನ್ನೂ ಬಿಟ್ಟಿಲ್ಲ. ನಿನ್ನೆ ಎರಡರಲ್ಲೇ ಮುಗಿಸಿ ಗ್ರೂಪಿನಲ್ಲಿ ಬರೆದಿದ್ದಳು: "ಸ್ಲೇಟು ಬಳಪ ಒಳಗಿಡೋ, ಸ್ಕೂಲು ಬಿಟ್ಟಾಯ್ತು."