ಒಂದ ಪಿಸಿ, ಮೂರ ಮಂದಿ: ಮನ್ಯಾಗ ಎಕ್ಸ್‌ಆರ್‌ಡಿಪಿ ಹೆಂಗೈತಿ

ಇದು ರೊಕ್ಕಾ ಕೊಟ್ಟು ತಗೊಂಡ ಸಾಮಾನಿನ ರಿವ್ಯೂ ಅಲ್ರಿ, ಎಕ್ಸ್‌ಆರ್‌ಡಿಪಿ ಅಂತ, ವಿಂಡೋಸ್ ಬದ್ಲಿ ಹಾಕೂ ಲಿನಕ್ಸ್ ಸಿಸ್ಟಮ್‌ನ್ಯಾಗ ಓಡೂ ಫ್ರೀ ಸಾಫ್ಟ್‌ವೇರ್, ಬ್ಯಾರೆ ಲ್ಯಾಪ್‌ಟಾಪಿನಿಂದ ಆ ಪಿಸಿಗೆ ಲಾಗಿನ್ ಆಗಿ ಕೆಲ್ಸಾ ಮಾಡಾಕ ಬಿಡ್ತೈತಿ. ಬಾಗಲಕೋಟಿ ನವನಗರದಾಗ ನಮ್ಮ ಮನಿ ಡೆಸ್ಕ್‌ಟಾಪ್ ಮ್ಯಾಲ ಒಂದ ಹೊತ್ತಿಗೆ ಮೂರ ಮಂದಿ ಕೆಲ್ಸಾ ಮಾಡಾಕತ್ತೀವಿ, ಅದು ಇದ್ರ ದೆಸಿಂದ.

ಮನ್ಯಾಗ ಗಟ್ಟಿ ಮಷೀನ್ ಅಂತ ಇರೂದು ಅದೊಂದ, ಹಳೇ ಐ5, 16 ಜಿಬಿ ರ‍್ಯಾಮ್. ವೈನಿ ಇಳಕಲ್ ಸೀರಿ, ಗುಳೇದಗುಡ್ಡ ಖಣ ವಾಟ್ಸಾಪ್‌ನ್ಯಾಗ ಮಾರ್ತಾರ, ಅವ್ರಿಗೆ ಆರ್ಡರ್ ಲೆಕ್ಕದ ಶೀಟ್ ಬೇಕು, ಅಣ್ಣನ ಮಗಗ ಪೈಥಾನ್ ಬೇಕು, ನನಗ ನನ್ನ ಕೆಲ್ಸಾ. ಉಳಿದ ಎರಡೂ ಲ್ಯಾಪ್‌ಟಾಪ್ ಎಂಥಾವು ಅಂದ್ರ ಬ್ರೌಸರ್‌ನ್ಯಾಗ ನಾಕ್ ಟ್ಯಾಬ್ ತೆಗದ್ರ ಅಲ್ಲೇ ಕುಂತ್ಬಿಡ್ತಾವು.

ವಿಂಡೋಸ್‌ನ್ಯಾಗ ಯಾಕ ಮಾಡ್ಲಿಲ್ಲ ಅಂತ ಕೇಳ್ತೀರಿ. ಹೋಮ್ ಎಡಿಷನ್ ಇದ್ರ ಅಲ್ಲಿಂದ ಬ್ಯಾರೆ ಪಿಸಿಗೆ ಹೋಗಬಹುದು, ಹೊರಗಿನವ್ರು ರಿಮೋಟ್ ಡೆಸ್ಕ್‌ಟಾಪ್‌ಲೆ (ದೂರದಿಂದ ಲಾಗಿನ್ ಆಗೂ ವಿಂಡೋಸಿನ ಸವಲತ್ತು, ಆರ್‌ಡಿಪಿ ಅಂತಾರ) ಅದ್ರೊಳಗ ಬರಾಕ ಆಗೂದಿಲ್ಲ. ಪ್ರೊ ಇದ್ರ ಬರಬಹುದು, ಆದ್ರ ಒಂದ ಟೈಮಿಗೆ ಒಬ್ರ. ಎರಡನೇದವ್ರು ಲಾಗಿನ್ ಆದ್ರೋ ಮೊದಲ ಕುಂತವ್ರ ಸ್ಕ್ರೀನ್ ಲಾಕ್, ಮೂರ ಮಂದಿಗೆ ಒಂದ ಬಚ್ಚಲಮನಿ ಇದ್ದಂಗ. "ಕಾಕಾ, ಮತ್ತ ನನ್ನ ಹೊರಗ ಹಾಕ್ತು ನೋಡು" ಅನ್ನೂದು ಮನ್ಯಾಗ ದಿನದ ಮಾತಾಗಿತ್ತು. ಮಷೀನಿಗೆ ತಾಕತ್ತಿಲ್ಲ ಅಂತಲ್ಲ, ಲೈಸೆನ್ಸ್‌ನ್ಯಾಗ ಕೊಟ್ಟಿಲ್ಲ ಅಷ್ಟ.

ಅದಕ್ಕ ಭಾಳ ಮಂದಿ ಆರ್‌ಡಿಪಿ ರ‍್ಯಾಪರ್ ಹಾಕ್ತಾರ. ಅದು ರಿಮೋಟ್ ಡೆಸ್ಕ್‌ಟಾಪಿನ ಡಿಎಲ್ಎಲ್ ಫೈಲನ್ನ (ಪ್ರೋಗ್ರಾಮಿನ ಕೋಡ್ ಇರೂ ಫೈಲ್) ಮುಟ್ಟೂದಿಲ್ಲ, ಓಡೂ ಟೈಮಿನ್ಯಾಗ ಮೆಮರಿ ಒಳಗ ಆ ಒಬ್ರ ಮಿತಿ ತೆಗೀತೈತಿ, ಆದ್ರ ಯಾವ ವರ್ಷನ್ನಿಗೆ ಎಲ್ಲಿ ಬದಲ ಮಾಡಬೇಕು ಅನ್ನೂದು ಒಂದ ಐಎನ್ಐ ಅನ್ನೂ ಸೆಟ್ಟಿಂಗ್ ಫೈಲಿನ್ಯಾಗ ಬರದಿರಬೇಕು, ವಿಂಡೋಸ್ ಅಪ್‌ಡೇಟ್ ಬಂದು ಆ ಡಿಎಲ್ಎಲ್ ವರ್ಷನ್ ಬದಲಾತು ಅಂದ್ರ ಹಸರ ಅಕ್ಷರದಾಗ ಫುಲ್ಲಿ ಸಪೋರ್ಟೆಡ್ ಅಂತಿದ್ದದ್ದು ಕೆಂಪಾಗಿ ನಾಟ್ ಸಪೋರ್ಟೆಡ್ ಅಂತೈತಿ, ಮತ್ತ ಯಾರರೆ ಹೊಸ ಐಎನ್ಐ ಹಾಕೂತನ ಕಾಯ್ಬೇಕು. ಮೂಲ ಮಾಡಿದವ್ರ ಕಡೀ ರಿಲೀಸ್ 2017ರದು. ಆಂಟಿವೈರಸ್ ಅದನ್ನ ಹಿಡೀತೈತಿ, ಮ್ಯಾಲ ಲೈಸೆನ್ಸ್ ಶರತ್ತೂ ಮುರದಂಗ. ಅಷ್ಟ ತ್ರಾಸ ನನಗ ಬ್ಯಾಡಾಗಿತ್ತು.

ಎಕ್ಸ್‌ಆರ್‌ಡಿಪಿ ಹಾಕೂದು ಉಬುಂಟು ಅನ್ನೂ ಲಿನಕ್ಸ್‌ನ್ಯಾಗ ಒಂದ ಸಾಲಿನ ಕಮಾಂಡ್, ಸುಡೋ ಆಪ್ಟ್ ಇನ್‌ಸ್ಟಾಲ್ ಎಕ್ಸ್‌ಆರ್‌ಡಿಪಿ, ಮುಗೀತು, 3389 ಪೋರ್ಟ್‌ನ್ಯಾಗ (ನೆಟ್‌ವರ್ಕಿನಿಂದ ಒಳಗ ಬರೂ ಬಾಗಲಾ ಅನ್ರಿ) ಬಂದು ಕುಂದರ್ತೈತಿ. ಚೊಲೋ ಅನಿಸಿದ್ದು ಏನಂದ್ರ ಲ್ಯಾಪ್‌ಟಾಪಿಗೆ ಹೊಸಾದೇನೂ ಹಾಕೂದು ಬ್ಯಾಡ, ವಿಂಡೋಸ್‌ನ್ಯಾಗ ಮೊದಲ ಇರೂ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ತೆಗದು ಡೆಸ್ಕ್‌ಟಾಪಿನ ಐಪಿ ಹೊಡದ್ರ ಒಂದ ಸಣ್ಣ ಲಾಗಿನ್ ಡಬ್ಬಿ ಬರ್ತೈತಿ, ಸೆಷನ್ ಅನ್ನೂ ಕಡೆ ಎಕ್ಸ್‌ಆರ್ಗ್ ಇಟ್ಟು ಹೆಸರು, ಪಾಸ್‌ವರ್ಡ್ ಕೊಡೂದು. ನೋಡಾಕ ತೊಂಬತ್ತರ ದಶಕದ ಸಾಫ್ಟ್‌ವೇರ್ ಇದ್ದಂಗ ಐತಿ, ಚಂದಕ್ಕ ಮಾರ್ಕ್ಸ್ ಕೊಡೂದಿಲ್ಲ. ಆದ್ರ ಒಬ್ಬೊಬ್ರಿಗೂ ಅವ್ರವ್ರ ಡೆಸ್ಕ್‌ಟಾಪ್, ಅವ್ರವ್ರ ಫೈಲ್, ಒಬ್ರು ಇನ್ನೊಬ್ರ ಕಣ್ಣಿಗೆ ಬೀಳೂದಿಲ್ಲ. ವೈನಿ ನಡೂಕ ಅಡಗಿ ಮನಿಗೆ ಹೋಗಿ ಲ್ಯಾಪ್‌ಟಾಪ್ ಮುಚ್ಚಿದ್ರೂ ಶೀಟ್ ಅಲ್ಲೇ ತೆರದ ಇರ್ತೈತಿ, ಮತ್ತ ಬಂದು ಲಾಗಿನ್ ಆದ್ರ ಬಿಟ್ಟ ಸಾಲಿನಿಂದ ಶುರು. "ತಮ್ಮಾ, ಇದ್ರಾಗ ನಂದೇನೂ ಅಳಸಿ ಹೋಗೂದಿಲ್ಲಲಾ" ಅಂತ ಮೊದಮೊದಲ ಕೇಳ್ತಿದ್ರು, ಈಗ ಕೇಳೂದ ಬಿಟ್ಟಾರ.

ಇನ್ನ ಕಿರಿಕಿರಿ. ಉಬುಂಟುದ ಗ್ನೋಮ್ ಡೆಸ್ಕ್‌ಟಾಪ್ ಇಟ್ಕೊಂಡ್ರ ಲಾಗಿನ್ ಆದ ಕೂಡ್ಲೆ ಕಲರ್ ಮ್ಯಾನೇಜ್ಡ್ ಡಿವೈಸ್ ಮಾಡಾಕ ಪಾಸ್‌ವರ್ಡ್ ಕೊಡು ಅಂತ ಒಂದ ವಿಂಡೋ ಕೇಳೂದು ಎಕ್ಸ್‌ಆರ್‌ಡಿಪಿ ಬಳಸೂ ಮಂದಿಗೆ ಗೊತ್ತಿದ್ದದ್ದ, ಕ್ಯಾನ್ಸಲ್ ಹೊಡದ್ರೂ ನಡೀತೈತಿ. ಇನ್ನೊಂದು, ಒಬ್ಬ ಯೂಸರ್ ಮಾನಿಟರ್ ಮುಂದ ಲಾಗಿನ್ ಆಗಿ ಅದ ಹೆಸರಿಲೆ ರಿಮೋಟಿನ್ಯಾಗೂ ಬಂದ್ರ ಭಾಳ ಸರ್ತಿ ಕರೀ ಸ್ಕ್ರೀನ್ ಕಾಣತೈತಿ, ಅದಕ್ಕ ಮಂದಿಗೊಂದು ಅಕೌಂಟ್ ಬೇಕ ಬೇಕು. ನಾ ಗ್ನೋಮ್ ಬದ್ಲಿ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕೀನಿ, ಹಗೂರ ಐತಿ, ರ‍್ಯಾಮ್ ಉಳೀತೈತಿ. ಸುಡೋ ಅಧಿಕಾರ, ಅಂದ್ರ ಅಡ್ಮಿನ್ ಹಕ್ಕು, ಒಬ್ರಿಗೆ ಅಷ್ಟ ಕೊಡ್ರಿ, ಹುಡುಗ್ರ ಕೈಗೆ ಕೊಟ್ರ ಏನೇನೋ ಇನ್‌ಸ್ಟಾಲ್ ಆಗಿರ್ತಾವು.

ಸೌಂಡಿನ ಕಥಿ ಬ್ಯಾರೆ. ಎಕ್ಸ್‌ಆರ್‌ಡಿಪಿ ಹಾಕಿದಷ್ಟಕ್ಕ ಲ್ಯಾಪ್‌ಟಾಪಿನ್ಯಾಗ ದನಿ ಬರೂದಿಲ್ಲ, ಅದಕ್ಕ ಪಲ್ಸ್‌ಆಡಿಯೋ ಇಲ್ಲಾ ಪೈಪ್‌ವೈರ್‌ದ (ಲಿನಕ್ಸ್‌ನ್ಯಾಗ ಸೌಂಡ್ ನಡಸೂ ಸಾಫ್ಟ್‌ವೇರ್) ಬ್ಯಾರೆ ಮಾಡ್ಯೂಲ್ ಹಾಕ್ಬೇಕು. ಯೂಟ್ಯೂಬ್ ನೋಡಾಕ ಇದು ಅಲ್ಲ, ವಿಡಿಯೋ ಎಳದಾಡ್ತೈತಿ. ಶೀಟು, ಕೋಡು, ಮೇಲ್ ಇಷ್ಟಕ್ಕಾದ್ರ ವೈಫೈ ಮ್ಯಾಲೂ ಆರಾಮ, ಡೆಸ್ಕ್‌ಟಾಪಿಗೆ ಮಾತ್ರ ಕೇಬಲ್ ಹಾಕ್ರಿ. ಯುಪಿಎಸ್ ಇಲ್ಲಂದ್ರ ಈ ಉಸಾಬರಿಗೇ ಹೋಗಬ್ಯಾಡ್ರಿ, ಕರೆಂಟ್ ಹೋದ್ರ ಒಬ್ರದಲ್ಲ ಮೂರೂ ಮಂದಿ ಸೇವ್ ಮಾಡ್ದ ಇದ್ದ ಕೆಲ್ಸ ಹೋಗತೈತಿ. ಬಯೋಸಿನ್ಯಾಗ ಕರೆಂಟ್ ಬಂದ ಕೂಡ್ಲೆ ತಾನ ಚಾಲೂ ಆಗೂ ಸೆಟ್ಟಿಂಗ್ ಇದ್ರ ಹಾಕಿಡ್ರಿ.

ಅಣ್ಣನ ಮಗ ಬೆಳಗಾವಿಗೆ ಹೋದಾಗ ಅಲ್ಲಿಂದಾನ ಮನಿ ಪಿಸಿಗೆ ಬರ್ತಾನ, ಅದಕ್ಕ ರೌಟರಿನ್ಯಾಗ 3389 ತೆರದಿಲ್ಲ. ಆ ಪೋರ್ಟ್ ಇಂಟರ್ನೆಟ್ಟಿಗೆ ತೆರದ್ರ ಪಾಸ್‌ವರ್ಡ್ ಊಹಾ ಮಾಡೂ ಬಾಟ್‌ಗಳು ಬಡೀತಾನ ಇರ್ತಾವು, ಮ್ಯಾಲ ಭಾಳ ಫೈಬರ್ ಕನೆಕ್ಷನ್‌ದಾಗ ಸಿಜಿನ್ಯಾಟ್ (ಭಾಳ ಮನಿಗೆ ಕೂಡಿ ಒಂದ ಹೊರಗಿನ ಐಪಿ) ಇರೂದಕ್ಕ ಪೋರ್ಟ್ ಫಾರ್ವರ್ಡ್, ಅಂದ್ರ ಹೊರಗಿಂದ ಆ ಪೋರ್ಟಿಗೆ ದಾರಿ ಬಿಡೂದು, ನಡಿಯೂದೂ ಇಲ್ಲ. ಅದ್ರ ಬದ್ಲಿ ಟೇಲ್‌ಸ್ಕೇಲ್ ಅನ್ನೂ ವಿಪಿಎನ್ (ನಮ್ಮ ಮಷೀನ್ ಅಷ್ಟ ಕೂಡೂ ಖಾಸಗಿ ನೆಟ್‌ವರ್ಕ್) ಹಾಕೀವಿ, ಮನಿ ಬಳಕಿಗೆ ಫ್ರೀ, 100ರಿಂದ ಶುರು ಆಗೂ ಒಂದ ಐಪಿ ಕೊಡ್ತೈತಿ, ಅದನ್ನ ಹೊಡದ್ರ ಸಾಕು.

ಐದಕ್ಕ ನಾಕ್ ಸ್ಟಾರ್, ಒಂದು ಸೌಂಡಿಗೆ ಕಟ್. ಟ್ಯಾಲಿ ಅನ್ನೂ ಲೆಕ್ಕದ ಸಾಫ್ಟ್‌ವೇರ್ ಮ್ಯಾಲ ವ್ಯಾಪಾರ ನಡಸೂ ಮಂದಿಗೆ ಮಾತ್ರ ಇದು ಬ್ಯಾಡ, ಟ್ಯಾಲಿಗೆ ವಿಂಡೋಸ್ ಬೇಕು. ಅಡತಿ ಅಂಗಡಿ ಗೆಳ್ಯಾ ಕೇಳಿದಾಗೂ ಅದ ಹೇಳೀನಿ: ವಿಂಡೋಸ್ ಸರ್ವರಿನ್ಯಾಗ ಆಡಳಿತದ ಕೆಲ್ಸಕ್ಕ ಎರಡ ಸೆಷನ್ ಸುಮ್ನ ಸಿಗ್ತಾವು, ದಿನಾ ಕೆಲ್ಸಾ ಮಾಡೂ ಮಂದಿಗೆ ಆರ್‌ಡಿಎಸ್ ಕ್ಯಾಲ್ ಅಂತ ಲೈಸೆನ್ಸ್ ತಗೋಬೇಕು, 120 ದಿನ ಅದಿಲ್ದ ಓಡತೈತಿ, ಆಮ್ಯಾಲ ನಿಲ್ತೈತಿ. ನಿಂದು ಟ್ಯಾಲಿ ಸಿಲ್ವರ್ ಇದ್ರ ಅದೂ ಒಬ್ರಿಗೇ, ಮೊದಲ ಭಾಳ ಮಂದಿ ಬಳಸೂ ಟ್ಯಾಲಿ ಗೋಲ್ಡ್ ರೇಟ್ ಕೇಳ್ಕೊಂಡು ಬಾ ಅಂದೀನಿ.