ಬಾನೆಟ್ ಕಿರುಗುಟ್ಟಿದರೆ ಸ್ಪ್ರೇನಾ, ಗ್ರೀಸಾ?

ಅಪ್ಪನ ಕಾಲದ ಕಾರು. ಬಾನೆಟ್ಟಿನ ಹಿಂಜ್ (ಕೀಲು) ಮೇಲೆ ದಪ್ಪ ಸ್ಪ್ರಿಂಗ್. ಬಾನೆಟ್ ಎತ್ತಿದರೆ ಓಣಿಗೆಲ್ಲ ಕೇಳುತ್ತಿತ್ತು.

ಡಬ್ಲ್ಯೂಡಿ-40 ಸ್ಪ್ರೇ ಹೊಡೆದ ಕೂಡಲೇ ಸದ್ದು ನಿಂತಿತು. ಆದರೆ ಅದು 1953ರಲ್ಲಿ ನೀರಿನ ಪಸೆ ಓಡಿಸಿ ತುಕ್ಕು ತಡೆಯಲು ಮಾಡಿದ್ದು. ಬಿಗಿದ ತುಕ್ಕು ಸಡಿಲಿಸಲು ಬಹಳ ಒಳ್ಳೆಯದು. ತೆಳು ಪದರ ಮಾತ್ರ ಜಾಸ್ತಿ ದಿನ ನಿಲ್ಲಲ್ಲ, ಅದೂ 40 ಡಿಗ್ರಿ ದಾಟುವ ಕಲಬುರಗಿ ಬಿಸಿಲಲ್ಲಿ. ಮೂರೇ ವಾರಕ್ಕೆ ಮತ್ತೆ ಕಿರ್ ಅಂದಿತು.

ಬಿಳಿ ಲಿಥಿಯಂ ಗ್ರೀಸ್ ನಿಧಾನದ ಕೆಲಸ. ಬಾನೆಟ್‌ಗೆ ಗಟ್ಟಿ ಕೋಲು ಕೊಟ್ಟು, ಡೀಸೆಲ್‌ನಲ್ಲಿ ಅದ್ದಿದ ಹಳೇ ಟೂತ್‌ಬ್ರಷ್‌ನಿಂದ ಹಿಂಜ್ ತಿರುಗುವ ಪಿನ್ ಉಜ್ಜಿದೆ. ಕಪ್ಪು ಕೆಸರು ಇಳಿಯಿತು: ಜೇವರ್ಗಿ ರಸ್ತೆಯ ಧೂಳು, ಹಳೇ ಆಯಿಲ್ ಎರಡೂ ಸೇರಿ. ಚೆನ್ನಾಗಿ ಒರೆಸಿ ಪಿನ್ನಿಗೆ, ಸ್ಪ್ರಿಂಗಿನ ಕೊಕ್ಕೆ ಉಜ್ಜುವ ಜಾಗಕ್ಕೆ ತೊಗರಿಕಾಳಿನಷ್ಟು ಹಚ್ಚಿ, ಹತ್ತು ಸಲ ಎತ್ತಿ ಇಳಿಸಿ. ಹೆಚ್ಚಾದದ್ದನ್ನು ಒರೆಸಿಬಿಡಿ, ಇಲ್ಲಾಂದ್ರೆ ಧೂಳು ಅಂಟುತ್ತದೆ.

ಒಂದೇ ಕೊಳ್ಳುವುದಾದರೆ ಗ್ರೀಸ್ ತಗೊಳ್ಳಿ. ತುಕ್ಕು ಹಿಡಿದಿದ್ದರೆ ಮೊದಲು ಸ್ಪ್ರೇ, ಒರೆಸಿದ ಮೇಲೆ ಗ್ರೀಸ್. ಸ್ಪ್ರಿಂಗ್ ಬಿಚ್ಚಲು ಮಾತ್ರ ಕೈ ಹಾಕಬೇಡಿ. ಬಿಗಿಯಾಗಿ ಎಳೆದುಕೊಂಡಿರುತ್ತದೆ, ಹಾರಿ ಬಡಿಯುತ್ತದೆ. ಗ್ರೀಸ್ ಆದ ಮೇಲೂ ಹಿಂಜ್ ಅಲುಗಿದರೆ ಪಿನ್ ಸವೆದಿರುತ್ತದೆ. ಅದನ್ನು ಬದಲಿಸಲೇಬೇಕು.