ಅಮೆರಿಕದ ಅಧ್ಯಕ್ಷಗಿರಿಗೆ ಹಿರಿಯರೋ, ಕಿರಿಯರೋ?

ಅಮೆರಿಕದ ಸಂವಿಧಾನದ ಪ್ರಕಾರ ಅಧ್ಯಕ್ಷರಿಗೆ ಕನಿಷ್ಠ 35 ವರ್ಷ ಆಗಿರಬೇಕು. ಗರಿಷ್ಠ ಮಿತಿ ಇಲ್ಲ. ಹಾಗಾಗಿ ಆ ಲೆಕ್ಕ ಮತದಾರರದ್ದೇ.

ಮೊದಲು ಆರೋಗ್ಯ. ಇಲ್ಲಿ ಕಿರಿಯರಿಗೆ ಅನುಕೂಲ ಜಾಸ್ತಿ, ಆದರೆ ಗ್ಯಾರಂಟಿ ಏನಿಲ್ಲ. 1960ರಲ್ಲಿ ಜಾನ್ ಕೆನಡಿ 43ಕ್ಕೇ ಗೆದ್ದರು, ಆದರೆ ತಮಗಿದ್ದ ಅಡಿಸನ್ ಕಾಯಿಲೆಯನ್ನು (ಅಡ್ರಿನಲ್ ಗ್ರಂಥಿಗಳು ಸಾಕಷ್ಟು ಹಾರ್ಮೋನ್ ಉತ್ಪಾದಿಸದ ಕಾಯಿಲೆ) ಜನರಿಂದ ಮುಚ್ಚಿಟ್ಟಿದ್ದರು. ಹಿರಿಯರ ವಿಷಯದಲ್ಲಿ ಇವತ್ತಿನ ಚುರುಕು ನೋಡಿದರೆ ಸಾಲದು, ನಾಲ್ಕನೇ ವರ್ಷಕ್ಕೆ ಹೇಗಿರುತ್ತಾರೆ ಅನ್ನೋದು ಮುಖ್ಯ. 2024ರಲ್ಲಿ 81ರ ಬೈಡನ್ ಚರ್ಚೆಯಲ್ಲಿ ತಡವರಿಸಿದರು, ಮುಂದಿನ ತಿಂಗಳೇ ಕಣದಿಂದ ಸರಿದರು. ಗೆದ್ದ ಟ್ರಂಪ್‌ಗೂ ಆಗ 78. ಒಬ್ಬರ ವಯಸ್ಸನ್ನಷ್ಟೇ ಎತ್ತಿ ಆಡಿದರೆ ಅದು ಪಕ್ಷದ ಜಗಳ, ಅಲ್ವಾ?

ಅನುಭವದಲ್ಲಿ ಸಾಮಾನ್ಯವಾಗಿ ಹಿರಿಯರೇ ಮುಂದೆ. ಆದರೂ ಕೂದಲು ನೆರೆತ ಮಾತ್ರಕ್ಕೆ ಆಡಳಿತ ಗೊತ್ತಿರುತ್ತದೆ ಎಂದಲ್ಲ. 2016ರಲ್ಲಿ ಗೆದ್ದಾಗ 70ರ ಟ್ರಂಪ್ ಯಾವ ಸರ್ಕಾರಿ ಹುದ್ದೆಯಲ್ಲೂ ಇದ್ದವರಲ್ಲ.

ಜನ ಮರೆಯುವುದು ಉಪಾಧ್ಯಕ್ಷರನ್ನು. ಅಧ್ಯಕ್ಷರು ತೀರಿಕೊಂಡರೆ ಅವರೇ ಅಧ್ಯಕ್ಷರು.

ನೀತಿ ನಿಮಗೆ ಒಪ್ಪಿಗೆ, ವೈದ್ಯಕೀಯ ವರದಿ ಬಹಿರಂಗ, ಉಪಾಧ್ಯಕ್ಷರೂ ಗಟ್ಟಿ ಎಂದಾದರೆ ಹಿರಿಯರಿಗೆ ಧೈರ್ಯವಾಗಿ ಮತ ಹಾಕಬಹುದು. ನೀತಿಯಲ್ಲಿ ಇಬ್ಬರೂ ಹೆಚ್ಚುಕಮ್ಮಿ ಒಂದೇ, ಹಿರಿಯರು ವರದಿ ಬಚ್ಚಿಡುತ್ತಿದ್ದಾರೆ ಎಂದಾದರೆ ಕಿರಿಯರೇ ವಾಸಿ.